ಸೋಲಿಗೂ ಒಂದು ಧರ್ಮವುಂಟೆ?

2015ನೆಯ ಇಸವಿಯ ನವೆಂಬರ್ ಕೊನೆಗೆ ನಾನೂ ನನ್ನಾಕೆಯೂ ಮಗಳ ಮನೆಗೆಂದು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋಗಿದ್ದೆವು. ಮುಂಬಯಿಯಲ್ಲೇ ಅರ್ಧ ಶತಮಾನದ ಹತ್ತಿರ ಕಳೆದ ನಮಗೆ ಅಲ್ಲಿನ ಚಳಿ ಹೊಸದು, ಸಂಜೆ ಐದಕ್ಕೇ ಕವಿಯುವ ಕತ್ತಲೆಯೂ ಹೊಸದು. ಹೊತ್ತು ಹೋಗಲೆಂದು ಹನ್ನೆರಡು ವರ್ಷದ ಮೊಮ್ಮಗನ ಪಕ್ಕದಲ್ಲಿ ಕುಳಿತು ಟೆಲಿವಿಷನ್ನಿನಲ್ಲಿ ಬಾಸ್ಕೆಟ್‌ಬಾಲ್ ನೋಡತೊಡಗಿದೆ. ಅವನ ಮೆಚ್ಚಿನ ತಂಡ ಆ ಊರಿನದೇ ಆದ ಸೆವೆಂಟಿಸಿಕ್ಸರ್ಸ್. ಊರಿನವರು ಸಲಿಗೆಯಿಂದ ‘ಸಿಕ್ಸರ್ಸ್’ ಎನ್ನುತ್ತಾರೆ. ಆ ವರ್ಷ ಆ ತಂಡ ಅಲ್ಲಿಯವರೆಗೆ ಆಡಿದ್ದು ಹದಿನೆಂಟು ಪಂದ್ಯ, ಸೋತದ್ದೂ ಹದಿನೆಂಟು.

ಡಿಸೆಂಬರ್ 1ರ ರಾತ್ರಿ ಹತ್ತೊಂಬತ್ತನೆಯ ಪಂದ್ಯ. ಎದುರಾಳಿ ಲಾಸ್ ಏಂಜಲೀಸಿನ ಲೇಕರ್ಸ್ ತಂಡ. ಅದರ ಹೆಸರಾಂತ ಆಟಗಾರ ಕೋಬಿ ಬ್ರಯಂಟ್ ತಾವು ಹುಟ್ಟಿದ ಊರಾದ ಫಿಲಡೆಲ್ಫಿಯಾದಲ್ಲಿ ಆಡಿದ ಕೊನೆಯ ಪಂದ್ಯವದು. ಜನ ಕಿಕ್ಕಿರಿದಿದ್ದರು. ಅಂದು ಸಿಕ್ಸರ್ಸ್ 103-91ರಿಂದ ಗೆದ್ದುಬಿಟ್ಟಿತು! ಮೊಮ್ಮಗ ಸೋಫಾದ ಮೇಲೆ ಹತ್ತಿ ಕುಣಿದ. ಆಮೇಲೆ ಏನೋ ನೆನಪಾದವನಂತೆ ಕೆಳಗಿಳಿದು ಕುಳಿತು, “ಅಜ್ಜಾ, ಇದು ಒಳ್ಳೆಯದಾಯಿತೋ ಕೆಟ್ಟದಾಯಿತೋ ಗೊತ್ತಾಗುವುದಿಲ್ಲ. ಸೋತಷ್ಟೂ ನಮ್ಮ ತಂಡಕ್ಕೆ ಲಾಭವಂತೆ” ಎಂದ.

ಮಗು ತಮಾಷೆ ಮಾಡುತ್ತಿದೆಯೆಂದುಕೊಂಡೆ. ತಮಾಷೆಯಲ್ಲ. ಅವನು ವಿವರಿಸಿ ಹೇಳಿದ ಮೇಲೆ ನನಗೆ ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅವನ ಮಾತಿನಲ್ಲಿದ್ದ ಪ್ರಶ್ನೆ ಆಟದ ಬಯಲಿಗೆ ಮಾತ್ರ ಸೇರಿದ್ದಲ್ಲ ಎಂದು ತೋರಿದ್ದರಿಂದ, ಇಷ್ಟು ವರ್ಷಗಳ ಮೇಲಾದರೂ ಅದನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಅಲ್ಲಿನ ಪದ್ಧತಿಯನ್ನು ಸ್ವಲ್ಪ ತಿಳಿಯಬೇಕು. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಒಕ್ಕೂಟವಾದ ಎನ್.ಬಿ.ಎ.ಯಲ್ಲಿ 30 ತಂಡಗಳಿವೆ. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಪ್ರತಿಯೊಂದು ತಂಡವೂ 82 ಪಂದ್ಯಗಳನ್ನಾಡುತ್ತದೆ. ವರ್ಷ ವರ್ಷವೂ ಹೊಸದಾಗಿ ಬರುವ ಹುಡುಗರನ್ನು ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಈ ಸರದಿಯಲ್ಲಿ ಮುಂದಿನ ಸ್ಥಾನ ಸೋತವರಿಗೆ. ಹಣವಂತರೇ ಎಲ್ಲ ಒಳ್ಳೆಯ ಆಟಗಾರರನ್ನೂ ಬಾಚಿಕೊಳ್ಳಬಾರದು, ಬಿದ್ದವನಿಗೂ ಏಳಲು ಒಂದು ಕೈ ಸಿಗಬೇಕು ಎಂಬುದು ಇದರ ಉದ್ದೇಶ. ಉದ್ದೇಶವೇನೋ ದೊಡ್ಡದೇ. ಆದರೆ ಬಿದ್ದವನಿಗೆ ಬಹುಮಾನವಿದೆಯೆಂದಾದರೆ ಬೇಕೆಂದೇ ಬೀಳುವವರು ಹುಟ್ಟಿಕೊಳ್ಳದಿರುವರೇ? 1983-84ರ ಸುಮಾರಿಗೆ ಆ ಅನುಮಾನ ಬಲವಾದ್ದರಿಂದ 1985ರಿಂದ ಚೀಟಿ ಎತ್ತುವ ಪದ್ಧತಿ ತಂದರು. ಹಾಗಿದ್ದೂ ಬಹುಕಾಲ, ಎಲ್ಲರಿಗಿಂತ ಕೆಳಗಿನ ತಂಡಕ್ಕೆ ಮೊದಲ ಸರದಿ ಸಿಗುವ ಸಂಭವ ನೂರಕ್ಕೆ 25ರಷ್ಟಿತ್ತು. ಮಿಕ್ಕ ಯಾರಿಗೂ ಅಷ್ಟಿರಲಿಲ್ಲ.

ಈಗ ಇದೇ ಫಿಲಡೆಲ್ಫಿಯಾ ತಂಡದ ಎರಡು ಸೋಲುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ.

ಮೊದಲನೆಯದು 1972-73ರದು. ಆರೇ ವರ್ಷಗಳ ಹಿಂದೆ, 1966-67ರಲ್ಲಿ, ವಿಲ್ಟ್ ಚೇಂಬರ್ಲೇನ್ ಎಂಬ ದೈತ್ಯ ಆಟಗಾರನನ್ನು ಕಟ್ಟಿಕೊಂಡು 68 ಪಂದ್ಯ ಗೆದ್ದು ಚಾಂಪಿಯನ್ ಆಗಿದ್ದ ತಂಡವದು. ಆಮೇಲೆ ಚೇಂಬರ್ಲೇನ್ ಹೋದರು. 1972ರಲ್ಲಿ ಬಿಲ್ಲಿ ಕನಿಂಗ್‌ಹ್ಯಾಮ್ ಕೂಡ ಬೇರೆ ಒಕ್ಕೂಟಕ್ಕೆ ಹೊರಟುಹೋದರು. ಉಳಿದವರಲ್ಲಿ ಕೆಲವರು ಮುಪ್ಪಾದವರು, ಕೆಲವರು ಎಳೆಯರು. ಕಾಲೇಜೊಂದರಿಂದ ಕರೆತಂದ ರಾಯ್ ರೂಬಿನ್ ತರಬೇತುದಾರರಾದರು. ತಂಡ ಮೊದಲ 15 ಪಂದ್ಯಗಳನ್ನು ಸಾಲಾಗಿ ಸೋತಿತು. ನಾಲ್ಕು ಗೆಲುವು, 47 ಸೋಲು ಆಗುವ ಹೊತ್ತಿಗೆ ರೂಬಿನ್ ಅವರನ್ನು ತೆಗೆದುಹಾಕಿ, ಅದೇ ತಂಡದ ಆಟಗಾರ ಕೆವಿನ್ ಲೋಗರಿಯವರಿಗೆ ಭಾರ ಹೊರಿಸಿದರು. ನಡುವೆ ಒಮ್ಮೆ ಸಾಲಾಗಿ 20 ಸೋಲು. ಕೊನೆಯಲ್ಲಿ ಮತ್ತೆ ಸಾಲಾಗಿ 13. ವರ್ಷದ ಲೆಕ್ಕ: 9 ಗೆಲುವು, 73 ಸೋಲು. 82 ಪಂದ್ಯಗಳ ಪೂರ್ಣ ವರ್ಷದಲ್ಲಿ ಇದಕ್ಕಿಂತ ಕಡಿಮೆ ಗೆದ್ದ ತಂಡ 2025ರವರೆಗೂ ಬಂದಿಲ್ಲ. ಆ ತಂಡದಲ್ಲಿ ಫ್ರೆಡ್ ಕಾರ್ಟರ್ ಎಂಬವರು ಪಂದ್ಯಕ್ಕೆ ಸರಾಸರಿ 20 ಅಂಕ ಗಳಿಸಿದರು. ಇಂದಿಗೂ ಆ ವರ್ಷದ ಮಾತು ಬಂದರೆ ಅವರ ಹೆಸರು ಬರುತ್ತದೆ. ಮುಳುಗುವ ದೋಣಿಯಲ್ಲಿ ಕೊನೆಯವರೆಗೂ ನೀರು ಮೊಗೆದು ಚೆಲ್ಲಿದವರನ್ನು ಜನ ಮರೆಯುವುದಿಲ್ಲ.

ಎರಡನೆಯದು 2013ರಿಂದ 2016ರವರೆಗಿನದು. 2013ರಲ್ಲಿ ತಂಡದ ವ್ಯವಸ್ಥಾಪಕರಾಗಿ ಸ್ಯಾಮ್ ಹಿಂಕಿ ಬಂದರು. ಲೆಕ್ಕಾಚಾರದಲ್ಲಿ ಪಳಗಿದ ಬುದ್ಧಿವಂತ. ಅವರ ತರ್ಕ ಸರಳವಾಗಿತ್ತು: ನಡುವಿನ ಸ್ಥಾನದಲ್ಲಿ ನಿಂತ ತಂಡ ಎಂದೆಂದಿಗೂ ನಡುವಿನಲ್ಲೇ ಉಳಿಯುತ್ತದೆ, ಶಿಖರಕ್ಕೇರಬೇಕಾದರೆ ಅಸಾಮಾನ್ಯ ಆಟಗಾರರು ಬೇಕು, ಅಂಥವರು ಸಿಗುವುದು ಸರದಿಯ ಮೊದಲ ಸ್ಥಾನಗಳಲ್ಲಿ, ಆ ಸ್ಥಾನಗಳು ಸಿಗುವುದು ಸೋತವರಿಗೆ. ಬಂದ ಕೆಲವೇ ವಾರಗಳಲ್ಲಿ ತಂಡದ ಶ್ರೇಷ್ಠ ಆಟಗಾರ ಜ್ರೂ ಹಾಲಿಡೆಯವರನ್ನು ಬೇರೆ ತಂಡಕ್ಕೆ ಕೊಟ್ಟು, ಮುಂದಿನ ಸರದಿಗಳನ್ನು ಗಳಿಸಿಕೊಂಡರು. ಮರುವರ್ಷ ಹೊಸಬರಲ್ಲೆಲ್ಲ ಶ್ರೇಷ್ಠನೆಂದು ಪ್ರಶಸ್ತಿ ಪಡೆದ ಮೈಕೆಲ್ ಕಾರ್ಟರ್-ವಿಲಿಯಮ್ಸ್‌ರನ್ನೂ 2015ರ ಫೆಬ್ರುವರಿಯಲ್ಲಿ ಹೀಗೆಯೇ ಕಳುಹಿಸಿಕೊಟ್ಟರು. ಮೂರು ವರ್ಷಗಳ ಗೆಲುವು 19, 18, 10. ಒಟ್ಟು 47 ಗೆಲುವಿಗೆ 199 ಸೋಲು. ಇದಕ್ಕೆ ಊರಿನ ಜನ ಇಟ್ಟ ಹೆಸರು ‘ಪ್ರೋಸೆಸ್’, ಅಂದರೆ ಫಲ ಬರುವವರೆಗೆ ನಡೆಯಲೇಬೇಕಾದ ಪ್ರಕ್ರಿಯೆ. “ಪ್ರಕ್ರಿಯೆಯಲ್ಲಿ ನಂಬಿಕೆಯಿಡಿ” ಎಂಬುದು ಅಲ್ಲಿ ಒಂದು ಮಂತ್ರವೇ ಆಗಿಹೋಯಿತು. ನನ್ನ ಮೊಮ್ಮಗನ ಅಂಗಿಯ ಮೇಲೂ ಅದು ಅಚ್ಚಾಗಿತ್ತು.

ಲೆಕ್ಕದ ಪುಸ್ತಕದಲ್ಲಿ ನೋಡಿದರೆ 9 ಗೆಲುವೂ ಒಂದೇ, 10 ಗೆಲುವೂ ಹೆಚ್ಚುಕಡಿಮೆ ಒಂದೇ. ಆದರೆ ಮನಸ್ಸು ಇವೆರಡನ್ನೂ ಒಂದೇ ತಕ್ಕಡಿಯಲ್ಲಿಡಲು ಒಪ್ಪುವುದಿಲ್ಲ. ಏಕೆ?

ಹಿಂಕಿಯವರ ಪರವಾಗಿ ಹೇಳಬೇಕಾದ್ದನ್ನು ಮೊದಲು ಹೇಳಿಬಿಡುವುದು ನ್ಯಾಯ. ಅವರು ನಿಯಮವನ್ನು ಮುರಿಯಲಿಲ್ಲ. ಲಂಚ ಕೊಟ್ಟು ಆಟಗಾರರ ಕೈಯಿಂದ ಚೆಂಡು ಬೀಳಿಸಲಿಲ್ಲ. ನಿಯಮವೇ ಸೋಲಿಗೆ ಬೆಲೆ ಕಟ್ಟಿದ್ದರೆ, ಆ ಬೆಲೆಯನ್ನು ಪಡೆದವನದೇನು ತಪ್ಪು? ಇಂದು ಕೊಟ್ಟು ನಾಳೆ ಪಡೆಯುವುದು ಲೋಕದ ರೀತಿ. ರೈತ ಹೊಟ್ಟೆಗಿಲ್ಲದಿದ್ದರೂ ಬಿತ್ತನೆಯ ಬೀಜವನ್ನು ಮುಟ್ಟುವುದಿಲ್ಲ. ಅವನನ್ನು ಮೂರ್ಖನೆನ್ನುವವರಾರು?

ಆದರೂ ಒಂದು ಭೇದವಿದೆ. ರೈತ ಕಟ್ಟಿಡುವುದು ತನ್ನ ಹೊಟ್ಟೆಯನ್ನು. ಇಲ್ಲಿ ಸೋಲನ್ನು ಯೋಚಿಸಿದವರು ಕಚೇರಿಯಲ್ಲಿದ್ದರು, ಸೋತವರು ಅಂಗಳದಲ್ಲಿದ್ದರು.

ನಮಗೆ ಈ ಸನ್ನಿವೇಶ ಅಪರಿಚಿತವೇನಲ್ಲ. ಕುರುಕ್ಷೇತ್ರದಲ್ಲಿ ಕರ್ಣನ ರಥ ನಡೆಸಿದವನು ಶಲ್ಯ. ಯುದ್ಧಕ್ಕೆ ಮೊದಲೇ ಆತ ಧರ್ಮರಾಯನಿಗೆ ಮಾತು ಕೊಟ್ಟಿದ್ದ, ಕರ್ಣನ ತೇಜಸ್ಸನ್ನು ಕುಂದಿಸುತ್ತೇನೆಂದು. ಬಿಲ್ಲು ಹಿಡಿದವನು ಗೆಲ್ಲಲು ಹೊರಟಿದ್ದಾನೆ, ಕುದುರೆಯ ಹಗ್ಗ ಹಿಡಿದವನಿಗೆ ಆ ಗೆಲುವು ಬೇಡ. ಒಂದೇ ರಥ, ಎರಡು ಸಂಕಲ್ಪ! ಕರ್ಣ ಅರ್ಜುನನಿಂದ ಸತ್ತದ್ದು ನಮ್ಮನ್ನು ನೋಯಿಸುವುದಕ್ಕಿಂತ, ಹೀಗೆ ತನ್ನವನೇ ಆದ ಸಾರಥಿಯ ಬೆನ್ನ ಹಿಂದೆ ನಿಂತು ಕಾದಬೇಕಾಯಿತಲ್ಲ ಎಂಬುದು ಹೆಚ್ಚು ನೋಯಿಸುತ್ತದೆ. ಗೆದ್ದವರ ಕಥೆ ಬರೆಯಲು ಹೊರಟ ಪಂಪನೂ ಕರ್ಣನ ಮುಂದೆ ನಿಂತಾಗ ಕರಗಿದ. ದುರ್ಯೋಧನನ ಸೋಲನ್ನು ಬರೆದ ರನ್ನ ಆ ಸೋಲಿಗೊಂದು ಎತ್ತರ ಕೊಟ್ಟ. ಸೋತವನನ್ನು ಗೌರವಿಸುವುದು ಕನ್ನಡಕ್ಕೆ ಸಾವಿರ ವರ್ಷಗಳಿಂದ ಗೊತ್ತು. ಆದರೆ ಆ ಗೌರವ ಕರ್ಣನಿಗೆ ಸಂದಿತೇ ಹೊರತು ಶಲ್ಯನ ಜಾಣತನಕ್ಕೆ ಸಲ್ಲಲಿಲ್ಲ.

ಸಿಕ್ಸರ್ಸ್ ತಂಡದ ಹುಡುಗರು ನಿಜವಾಗಿಯೂ ಗೆಲ್ಲಲೆಂದೇ ಆಡಿದರು. ಇದನ್ನು ನಾನು ಕಣ್ಣಾರೆ ಕಂಡೆ. ಆ ವರ್ಷದ ತಂಡದಲ್ಲಿ ಟಿ.ಜೆ. ಮೆಕಾನೆಲ್ ಎಂಬ ಗಿಡ್ಡನೆಯ ಹುಡುಗನಿದ್ದ. ಯಾವ ತಂಡವೂ ಸರದಿಯಲ್ಲಿ ಆರಿಸದೆ ಬಿಟ್ಟವನು. ರಾಬರ್ಟ್ ಕವಿಂಗ್ಟನ್ ಎಂಬಾತನೂ ಹಾಗೆಯೇ. ಇವರ ಪಾಲಿಗೆ ‘ನಾಳೆ’ ಎಂಬುದೊಂದು ಇರಲಿಲ್ಲ. ಈ ವರ್ಷ ಆಡಿ ತೋರಿಸದಿದ್ದರೆ ಮರುವರ್ಷ ಕೆಲಸವಿಲ್ಲ. ಸೋಲಿನಿಂದ ಬರುವ ಲಾಭವೆಂದರೆ ಇವರ ಜಾಗಕ್ಕೆ ಬರುವ ಇನ್ನೊಬ್ಬ ಹುಡುಗ! ಹೀಗಿದ್ದೂ ಬಿದ್ದು ಎದ್ದು ಚೆಂಡಿನ ಹಿಂದೆ ಓಡುತ್ತಿದ್ದರು. ಫಲವನ್ನು ಬಿಟ್ಟು ಕರ್ಮವನ್ನು ಮಾಡು ಎಂದು ನಾವು ಬಾಯಿಪಾಠ ಮಾಡಿಕೊಂಡಿದ್ದನ್ನು, ಆ ಹೆಸರೇ ಕೇಳದ ಹುಡುಗರು ಆಚರಿಸುತ್ತಿದ್ದರು. ಮೇಲಿದ್ದವರದು ತದ್ವಿರುದ್ಧ: ಕರ್ಮವನ್ನು ಬಿಟ್ಟು ಫಲವನ್ನು ಹಿಡಿಯುವ ಯೋಗ.

ಫಲವಾದರೂ ಹೇಗೆ ಬಂತು? 2016ರ ಏಪ್ರಿಲ್‌ನಲ್ಲಿ ಹಿಂಕಿಯವರೇ ಹದಿಮೂರು ಪುಟದ ಪತ್ರ ಬರೆದು ಹುದ್ದೆ ಬಿಟ್ಟರು. ಅವರು ಆರಿಸಿದ್ದ ಜೋಯೆಲ್ ಎಂಬೀಡ್ ಪಾದದ ನೋವಿನಿಂದ ಎರಡು ವರ್ಷ ಆಡಲೇ ಆಗದೆ ಕುಳಿತು, ಅನಂತರ ಮೇಲೆದ್ದು 2022-23ರಲ್ಲಿ ಇಡೀ ಒಕ್ಕೂಟದ ಶ್ರೇಷ್ಠ ಆಟಗಾರನೆನಿಸಿದರು. ಅಷ್ಟರಮಟ್ಟಿಗೆ ಲೆಕ್ಕ ಸುಳ್ಳಾಗಲಿಲ್ಲ. ಆದರೆ 2016ರ ಸರದಿಯಲ್ಲಿ ಮೊಟ್ಟಮೊದಲನೆಯವನಾಗಿ ಬಂದ ಬೆನ್ ಸಿಮನ್ಸ್ ಮನಸ್ತಾಪದಲ್ಲಿ 2022ರಲ್ಲಿ ತಂಡ ಬಿಟ್ಟರು. ಚಾಂಪಿಯನ್ ಪಟ್ಟವಿರಲಿ, 2025ರವರೆಗೆ ತಂಡ ಅಂತಿಮ ಹಂತದ ಎರಡನೆಯ ಸುತ್ತನ್ನೂ ದಾಟಲಿಲ್ಲ. ಇತ್ತ ಯಾರಿಗೂ ಬೇಡವಾಗಿದ್ದ ಮೆಕಾನೆಲ್ 2025ರ ಜೂನ್‌ನಲ್ಲಿ ಇಂಡಿಯಾನಾ ತಂಡದವನಾಗಿ ಫೈನಲ್ ಆಡಿದ. ಏಳನೆಯ ಪಂದ್ಯದವರೆಗೂ ನಡೆದ ಹೋರಾಟದಲ್ಲಿ ಆ ತಂಡ ಸೋತಿತು. ಆದರೆ ಆ ಸೋಲನ್ನು ಅವನಿಗಾಗಿ ಮೊದಲೇ ಯಾರೂ ಬರೆದಿಟ್ಟಿರಲಿಲ್ಲ.

ಹಾಗೆಂದು ಫಲ ಬರಲಿಲ್ಲವಾದ್ದರಿಂದ ಮಾಡಿದ್ದು ತಪ್ಪು ಎಂದು ವಾದಿಸಲಾರೆ. ಫಲ ಬಂದಿದ್ದರೆ ಸರಿಯಾಗುತ್ತಿತ್ತೆ? ಅದು ಸೋಲುಗೆಲುವನ್ನೇ ದೇವರು ಮಾಡಿಕೊಂಡವರ ವಾದವಾದೀತು. 1973ರಲ್ಲಿ ಪಾತಾಳ ಕಂಡ ಇದೇ ತಂಡ ಹತ್ತು ವರ್ಷದ ಮೇಲೆ, 1983ರಲ್ಲಿ, ಅಂದು ಬಿಟ್ಟುಹೋಗಿದ್ದ ಕನಿಂಗ್‌ಹ್ಯಾಮರೇ ತರಬೇತುದಾರರಾಗಿ ಚಾಂಪಿಯನ್ ಆಯಿತು. ಅದರಿಂದ 73 ಸೋಲುಗಳು ಸಾರ್ಥಕವಾದುವೆಂದೂ ಅಲ್ಲ. ಅವು ಅಂದಿನ ಮಟ್ಟಿಗೆ ಅಂದೇ ಪೂರ್ಣವಾಗಿದ್ದವು.

ಒಕ್ಕೂಟದವರೂ ಸುಮ್ಮನೆ ಕೂರಲಿಲ್ಲ. ಸೋಲುವುದೇ ನಮಗೆ ಒಳ್ಳೆಯದೆಂದು ಆಟಗಾರರಿಗೆ ಹೇಳಿದೆನೆಂದು ಬಾಯಿಬಿಟ್ಟ ಡಲ್ಲಾಸ್ ತಂಡದ ಒಡೆಯ ಮಾರ್ಕ್ ಕ್ಯೂಬನ್‌ರಿಗೆ 2018ರಲ್ಲಿ 6 ಲಕ್ಷ ಡಾಲರ್ ದಂಡ ಹಾಕಿದರು. 2019ರಿಂದ ಕೊನೆಯ ಮೂರು ತಂಡಗಳಿಗೂ ಸಮನಾಗಿ ನೂರಕ್ಕೆ 14ರಂತೆ ಸಂಭವ ಹಂಚಿದರು. 2023ರ ಏಪ್ರಿಲ್‌ನಲ್ಲಿ ಮುಖ್ಯ ಆಟಗಾರರನ್ನು ಕೂರಿಸಿ ಪಂದ್ಯ ಬಿಟ್ಟುಕೊಟ್ಟಿತೆಂದು ಅದೇ ಡಲ್ಲಾಸ್ ತಂಡಕ್ಕೆ ಏಳೂವರೆ ಲಕ್ಷ ಡಾಲರ್ ದಂಡ ಬಿತ್ತು. ಕಾನೂನು ಆಡಿದ ಮಾತನ್ನು ಹಿಡಿಯಬಲ್ಲದು, ಮಾಡಿದ ಕೆಲಸವನ್ನು ಹಿಡಿಯಬಲ್ಲದು. ಮನಸ್ಸಿನೊಳಗಿನ ‘ಸೋತರೆ ಸೋಲಲಿ’ ಎಂಬುದನ್ನು ಹಿಡಿಯುವ ಬಲೆ ಅದರಲ್ಲಿಲ್ಲ. ಅಲ್ಲಿಂದಾಚೆಗೆ ಧರ್ಮದ ಕೆಲಸ.

ಬೇಡವಾಗಿದ್ದರೂ ಬರುವ ಸೋಲಿನ ಚಿತ್ರ ಬೇಕಿದ್ದರೆ ಡೆಟ್ರಾಯಿಟ್ ತಂಡವನ್ನು ನೋಡಬೇಕು. ಈ ಬಾರಿಯಾದರೂ ಮೇಲೇಳಬೇಕೆಂದು 2023-24ರಲ್ಲಿ ದೊಡ್ಡ ಸಂಬಳದ ತರಬೇತುದಾರರನ್ನು ತಂದ ಆ ತಂಡ ಸಾಲಾಗಿ 28 ಪಂದ್ಯ ಸೋತಿತು. ಒಂದೇ ವರ್ಷದೊಳಗೆ ಅಷ್ಟು ಸೋಲು ಹಿಂದೆ ಯಾರಿಗೂ ಆಗಿರಲಿಲ್ಲ. ತಂಡವನ್ನು ಮಾರಿಬಿಡಿ ಎಂದು ಸ್ವಂತ ಊರಿನ ಜನವೇ ಕೂಗಿದರು. 27ನೆಯ ಸೋಲಿನಲ್ಲಿ ಕೇಡ್ ಕನಿಂಗ್‌ಹ್ಯಾಮ್ ಎಂಬ ತರುಣ ಒಬ್ಬನೇ 41 ಅಂಕ ಗಳಿಸಿದ್ದ. 28ನೆಯ ಪಂದ್ಯದಲ್ಲಿ, ಆಗ ಎಲ್ಲರಿಗಿಂತ ಬಲಿಷ್ಠವಾಗಿದ್ದ ಬಾಸ್ಟನ್ ತಂಡವನ್ನು ಹೆಚ್ಚುವರಿ ಅವಧಿಯವರೆಗೂ ಎಳೆದು ಸೋತರು. ಡಿಸೆಂಬರ್ 30ರಂದು ಟೊರಾಂಟೋ ತಂಡವನ್ನು 129-127ರಿಂದ ಸೋಲಿಸಿದಾಗ ಆ ಹುಡುಗರ ಮುಖದಲ್ಲಿ ಕಂಡದ್ದು ಹೆಮ್ಮೆಯಲ್ಲ, ಭಾರ ಇಳಿಸಿದವನ ನಿಟ್ಟುಸಿರು. ಆ ವರ್ಷ 14 ಗೆದ್ದ ತಂಡ ಮರುವರ್ಷ 44 ಗೆದ್ದಿತು.

ನಮ್ಮಲ್ಲಿ ಒಂದು ಮಾತಿದೆ, ಸೋಲೇ ಗೆಲುವಿನ ಮೆಟ್ಟಿಲು ಎಂದು. ಮಕ್ಕಳು ಪರೀಕ್ಷೆಯಲ್ಲಿ ನಪಾಸಾದಾಗ ನಾವೆಲ್ಲ ಹೇಳುವ ಮಾತೇ. ಮೆಟ್ಟಿಲೇನೋ ಸರಿ. ಆದರೆ ಅದು ಕಲ್ಲಿನದೋ, ಇಲ್ಲಾ ಯಾರಾದರೂ ಬಗ್ಗಿಸಿದ ಬೆನ್ನೋ ಎಂದು ಹತ್ತುವ ಮುನ್ನ ಒಮ್ಮೆ ಬಗ್ಗಿ ನೋಡಬೇಡವೆ?

ಇಷ್ಟನ್ನು ಅಂದು ರಾತ್ರಿ ಊಟದ ಹೊತ್ತಿಗೆ ನಾನು ಬಹಳ ಆವೇಶದಿಂದ ಹೇಳುತ್ತಿದ್ದೆ. ನಾಳೆಯ ಆಸೆಗೆ ಇನ್ನೊಬ್ಬರ ಇಂದನ್ನು ಬಲಿಗೊಡುವವನದು ಅಧರ್ಮವೇ ಸರಿ ಎಂದೆ. ಮಗಳು ಸಾರು ಬಡಿಸುತ್ತ, “ಅಪ್ಪಾ, ನಮ್ಮ ಮನೆಯಲ್ಲೂ ಅದೇ ಇತ್ತಲ್ಲ” ಎಂದಳು. ಅದರಲ್ಲಿ ದೂರೇನೂ ಇರಲಿಲ್ಲ. ಅದಕ್ಕೇ ಅದು ನಾಟಿತು.

ನಾನು ಮುಂಬಯಿಗೆ ಬಂದಾಗ ಕೈಯಲ್ಲಿ ಒಂದು ಟ್ರಂಕು, ಊರಿನವರೊಬ್ಬರ ವಿಳಾಸ. ಪರೇಲಿನ ಗಿರಣಿಯೊಂದರ ಕಚೇರಿಯಲ್ಲಿ ಹಗಲು ಗುಮಾಸ್ತಿಕೆ, ಸಂಜೆ ಮಾಟುಂಗದ ಎರಡು ಹೋಟೆಲುಗಳ ಲೆಕ್ಕ ಬರೆಯುವ ಕೆಲಸ. ಚಾಳಿನ ಒಂದೇ ಕೋಣೆಗೆ ಮರಳುವಾಗ ಮಕ್ಕಳು ಮಲಗಿರುತ್ತಿದ್ದರು. ‘ಎಲ್ಲ ಮಕ್ಕಳಿಗಾಗಿ’ ಎಂಬುದು ನನ್ನ ಮಂತ್ರ. ಪ್ರವಾಸ, ಜಾತ್ರೆ, ಸಿನಿಮಾ ಎಲ್ಲದಕ್ಕೂ ‘ಮುಂದೆ ನೋಡೋಣ’ ಎಂಬ ಒಂದೇ ಉತ್ತರ. ಹೊರನಾಡಿನಲ್ಲಿ ಬೇರು ಬಿಟ್ಟ ನಮ್ಮವರಲ್ಲಿ ಬಹಳ ಮಂದಿಯ ಕಥೆ ಇದೇ ಅಲ್ಲವೆ? ಇದರ ಫಲವಾಗಿಯೇ ಮಗಳು ಓದಿದಳು, ಕಡಲು ದಾಟಿದಳು. ಆ ಮಟ್ಟಿಗೆ ನನ್ನ ಪ್ರಕ್ರಿಯೆ ಹಿಂಕಿಯವರದಕ್ಕಿಂತ ಚೆನ್ನಾಗಿಯೇ ಫಲಿಸಿತು!

ಮಗಳಿಗೆ ನೆನಪಿದ್ದುದು ಬೇರೆ. ಅವಳು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಕನ್ನಡ ಸಂಘದ ಮಕ್ಕಳ ನಾಟಕದಲ್ಲಿ ಪಾರ್ಟು ಮಾಡಿದ್ದಳಂತೆ. ಮಾರ್ಚ್ ತಿಂಗಳು, ಹೋಟೆಲುಗಳ ವರ್ಷಾಂತ್ಯದ ಲೆಕ್ಕ, ನಾನು ಹೋಗಲಿಲ್ಲ. “ದ್ವಾರಪಾಲಕಿಯ ಪಾರ್ಟು. ಎರಡೇ ಮಾತು. ಎರಡನ್ನೂ ಸರಿಯಾಗಿ ಹೇಳಿದೆ” ಎಂದು ನಕ್ಕಳು. ನನಗೆ ನಾಟಕವಾದದ್ದೇ ನೆನಪಿರಲಿಲ್ಲ.

ನನ್ನ ಪರವಾಗಿಯೂ ಒಂದು ಮಾತಿದೆ. ನಾನು ಕಚೇರಿಯಲ್ಲಿ ಕುಳಿತು ಮಕ್ಕಳನ್ನು ಸೋಲಲು ಕಳುಹಿಸಿದವನಲ್ಲ. ಅವರಿಗಿಂತ ಮೊದಲು ನನ್ನ ದಿನಗಳನ್ನೇ ಸುಟ್ಟುಕೊಂಡವನು. ಆಯ್ಕೆಯೂ ಇರಲಿಲ್ಲ, ಎರಡನೆಯ ಸಂಬಳವಿಲ್ಲದೆ ಫೀಸು ಕಟ್ಟಲಾಗುತ್ತಿರಲಿಲ್ಲ. ಅವರದು ದಂಧೆಯ ಯೋಜನೆ, ನನ್ನದು ಬಡತನದ ಬವಣೆ. ಎರಡನ್ನೂ ಒಂದೇ ಎನ್ನಲಾರೆ. ಆದರೆ ನನ್ನ ದಿನಗಳ ಜೊತೆಗೆ ಅವಳ ಒಂದಷ್ಟು ದಿನಗಳನ್ನೂ ಅವಳನ್ನು ಕೇಳದೆ ಖರ್ಚು ಮಾಡಿದೆ ಎಂಬುದು ನಿಜ. ಅನಿವಾರ್ಯವಾದದ್ದೆಲ್ಲ ಸಾಲವಲ್ಲವೆಂದು ಹೇಳಲಾಗುವುದಿಲ್ಲ. ಅನಿವಾರ್ಯವಾಗಿ ಮಾಡಿದ ಸಾಲವೂ ಸಾಲವೇ.

ಹೀಗೆ ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟೆ. ಸೋಲು ಪಾಪವಲ್ಲ. ನಾಳೆಗಾಗಿ ಇಂದನ್ನು ಬಿಡುವುದೂ ಪಾಪವಲ್ಲ. ಆದರೆ ಬಿಡುವ ಇಂದು ನನ್ನದಾಗಿರಬೇಕು; ಇನ್ನೊಬ್ಬರದಾದರೆ ಅವರಿಗೆ ಹೇಳಿ, ಕೇಳಿ ಬಿಡಬೇಕು. ಕೇಳಲಾಗದಷ್ಟು ಎಳೆಯರಾದರೆ, ಬಿಟ್ಟದ್ದು ಅವರದೆಂಬ ನೆನಪನ್ನಾದರೂ ಇಟ್ಟುಕೊಳ್ಳಬೇಕು. ‘ನಿಮಗಾಗಿಯೇ ಮಾಡಿದೆ’ ಎಂಬ ಒಂದು ಮಾತಿನಿಂದ ಲೆಕ್ಕ ಚುಕ್ತಾ ಆಗುವುದಿಲ್ಲ.

ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರ ಡಿಸೆಂಬರಿನಲ್ಲಿ, ಮೆಸಾಚುಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲಾಗದೆ ಚಡಪಡಿಸುತ್ತಿದ್ದ ಹುಡುಗರಿಗಾಗಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರದಲ್ಲಿ ಮೊಳೆ ಹೊಡೆದು ಕಟ್ಟಿ, 13 ನಿಯಮ ಬರೆದರು. ಯಾವ ಪಟ್ಟಕ್ಕಾಗಿಯೂ ಅಲ್ಲ, ಯಾವ ನಾಳೆಗಾಗಿಯೂ ಅಲ್ಲ, ಆ ಒಂದು ಹೊತ್ತು ಚೆನ್ನಾಗಿ ಕಳೆಯಲೆಂದು. ಅನಂತರ ಅವರು ಕ್ಯಾನ್ಸಸ್ ವಿಶ್ವವಿದ್ಯಾಲಯದ ತಂಡಕ್ಕೆ ತರಬೇತುದಾರರಾದರು. ಗೆದ್ದದ್ದು 55, ಸೋತದ್ದು 60. ಆಟವನ್ನು ಹುಟ್ಟಿಸಿದವರೇ ಗೆದ್ದುದಕ್ಕಿಂತ ಹೆಚ್ಚು ಸೋತರು!

ಆ ಡಿಸೆಂಬರಿನಲ್ಲಿ ಸಿಕ್ಸರ್ಸ್ ಲೇಕರ್ಸನ್ನು ಗೆದ್ದ ಮೇಲೆ ಮತ್ತೆ ಸಾಲಾಗಿ 12 ಪಂದ್ಯ ಸೋತಿತು. ಮೊಮ್ಮಗ ಪ್ರತಿ ಸಲವೂ ಅದೇ ಅಂಗಿ ತೊಟ್ಟು ಟೆಲಿವಿಷನ್ ಮುಂದೆ ಕುಳಿತು, “ಇವತ್ತು ಗೆಲ್ಲಬಹುದು ಅಜ್ಜಾ” ಎನ್ನುತ್ತಿದ್ದ. ಸೋತರೆ ಲಾಭವೆಂಬ ಮಾತನ್ನು ಮತ್ತೆ ಎತ್ತಲಿಲ್ಲ. ಒಂದು ಸಂಜೆ ಮಗಳು ಬೇಗ ಕೆಲಸ ಮುಗಿಸಿ ಬಂದು ನಮ್ಮಿಬ್ಬರ ನಡುವೆ ಕುಳಿತಳು. ಮುಂಬಯಿಯಿಂದ ಫೋನು ಬಂತು, ಬ್ಯಾಂಕಿನ ಯಾವುದೋ ಕಾಗದದ ವಿಷಯ. ನಾಳೆ ಮಾತಾಡುತ್ತೇನೆಂದು ಹೇಳಿ ಇಟ್ಟುಬಿಟ್ಟೆ. ಅಂದೂ ತಂಡ ಸೋತಿತು. ನಾವು ಮೂವರೂ ಕೊನೆಯ ಸೀಟಿಯವರೆಗೂ ಕುಳಿತು ನೋಡಿದೆವು.